ನಿರುದ್ಯೋಗಿಯೇ ಇಲ್ಲದ ವಾಡೆ

ಬಿ.ಎ. ಮುಗಿಸಿ ವರ್ಷಗಟ್ಟಲೆ ಹಳಿಯಾಳದ ಮನೆಯಲ್ಲಿ ಕುಳಿತಿದ್ದ ನನಗೆ ಸಿಕ್ಕ ಮೊದಲ ನೌಕರಿಯೆಂದರೆ ಕೆಲಸವಿಲ್ಲದವರನ್ನು ಎಣಿಸುವುದು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಸೂಪಾದ ಕಡೆ ಅಣೆಕಟ್ಟು ಏಳುತ್ತಿತ್ತು. ಹಳಿಯಾಳ, ದಾಂಡೇಲಿ, ಜೊಯಿಡಾ, ಮುಂಡಗೋಡ ಈ ನಾಲ್ಕೂ ಕಡೆಯ ತರುಣರಲ್ಲಿ ಎಷ್ಟು ಮಂದಿಗೆ ಕೆಲಸವಿಲ್ಲ ಎಂದು ತಿಳಿದುಕೊಳ್ಳುವ ಉಮೇದು ಸರಕಾರದಲ್ಲಿ ಯಾರಿಗೋ ಬಂದಿತ್ತು. ಅದಕ್ಕಾಗಿ ಕೆಲವು ತಿಂಗಳ ಮಟ್ಟಿಗೆ ನಮ್ಮಂಥ ಹತ್ತಾರು ಜನರನ್ನು ಹಂಗಾಮಿ ಎಂದು ತೆಗೆದುಕೊಂಡರು.

‘ಕುಳಿತಿದ್ದೆ’ ಎನ್ನುವುದು ಊರವರ ಮಾತು. ನೀರು ಸೇದುವುದು, ಕಸ ಮುಸುರೆ, ತಮ್ಮಂದಿರಿಗೆ ಪಾಠ, ಅಪ್ಪನ ಅಂಗಿಗೆ ಗುಂಡಿ ಹಚ್ಚುವುದು, ಇಷ್ಟನ್ನೂ ಮಾಡುತ್ತ ಕುಳಿತಿದ್ದೆ. ನೌಕರಿಯ ಕಾಗದ ಬಂದ ದಿನ ಅವ್ವ ದೇವರ ಮುಂದೆ ಸಕ್ಕರೆ ಇಟ್ಟಳು. ಪಕ್ಕದ ಮನೆಯ ಅತ್ತಿ ಮಾತ್ರ, “ಕಳ್ಳನ್ನ ಹಿಡ್ಯಾಕ ಕಳ್ಳನ್ನ ಕಳಿಸಿದಂಗಾತು ತಗೋ” ಎಂದು ನಕ್ಕಳು. ನನಗೂ ನಗು ಬಂತು. ಆಗ ಇನ್ನೂ ನಗಬಹುದಾಗಿತ್ತು.

ತರಬೇತಿ ದಾಂಡೇಲಿಯ ಒಂದು ಸಾಲೆಯ ಕೋಣೆಯಲ್ಲಿ ನಡೆಯಿತು. ಕಲಿಸಿದವರು ನಮ್ಮ ಮೇಲ್ವಿಚಾರಕರು, ಎಲ್ಲರ ಬಾಯಲ್ಲಿ ಸಾಹೇಬರು. ಐವತ್ತು ದಾಟಿದ, ಸಿಟ್ಟು ಬಾರದ, ಬಿಳಿ ಅಂಗಿಯ ಮನುಷ್ಯ. ಅವರ ಕೈಯಲ್ಲಿದ್ದ ಸೂಚನಾ ಪುಸ್ತಕದ ಪ್ರಕಾರ ಜಗತ್ತಿನ ತರುಣರು ಮೂರೇ ಥರ. ಕಳೆದ ವಾರದಲ್ಲಿ ಒಂದು ದಿನ, ಒಂದೇ ತಾಸಾದರೂ ಕೂಲಿಗೆ ಹೋಗಿದ್ದರೆ ಅವರು ಉದ್ಯೋಗಸ್ಥರು. ಹೋಗಿಲ್ಲ, ಆದರೆ ಕೆಲಸ ಹುಡುಕುತ್ತಿದ್ದಾರೆ, ಕೊಟ್ಟರೆ ಮಾಡುತ್ತಾರೆ ಎಂದಾದರೆ ನಿರುದ್ಯೋಗಿಗಳು. ಮಾಡಿಯೂ ಇಲ್ಲ, ಹುಡುಕಿಯೂ ಇಲ್ಲ ಎನ್ನುವವರು ‘ಮನೆಗೆಲಸ’, ‘ಓದು’ ಎಂದು ಬರೆಸಿಕೊಂಡು ಲೆಕ್ಕದಿಂದಲೇ ಹೊರಗೆ.

ನಾನು ಸುಮ್ಮನಿರುವ ಪೈಕಿಯವಳಲ್ಲ. ಎದ್ದು ನಿಂತು ಕೇಳಿದೆ: “ಹಂಗಾರ ಈ ನೌಕರಿ ಸಿಗೋ ಮೊದಲ ನಾ ಏನಿದ್ದೆ ಸರ್?”

“ಅರ್ಜಿ ಹಾಕಿದ್ರ್ಯೋ ಇಲ್ಲೋ?”

“ಹಾಕಿದ್ದೆ.”

“ಹಾಕಿದ ವಾರ ನಿರುದ್ಯೋಗಿ.”

“ಅದರ ಹಿಂದಿನ ವಾರ ಹಾಕಿರಲಿಲ್ರಿ. ಜಾಹೀರಾತೇ ಬಂದಿರಲಿಲ್ಲ.”

“ಹಂಗಾರ ಆ ವಾರ ನೀವು ಏನೂ ಅಲ್ಲ ಬಿಡ್ರಿ” ಎಂದು ಅವರು ಅಗದೀ ಶಾಂತವಾಗಿ ಹೇಳಿದರು. ಕೋಣೆಯೆಲ್ಲ ನಕ್ಕಿತು. ನಾನು ಕುಳಿತೆ.

ತರಬೇತಿಯ ಕೊನೆಯಲ್ಲಿ ಒಂದು ಆಸೆಯ ಮಾತೂ ಬಂತು. ಕೆಲಸವಿಲ್ಲದ ತರುಣರು ಎಲ್ಲಿ ಹೆಚ್ಚು ಎಂದು ತಿಳಿಯುತ್ತದೋ ಅಲ್ಲಿ ಒಂದು ತರಬೇತಿ ಕೇಂದ್ರ ತೆರೆಯುತ್ತಾರಂತೆ. ಹೊಲಿಗೆ, ಬಿದಿರಿನ ಕೆಲಸ, ಕಲಿಯುವಾಗಲೇ ಕೈಗೆ ಒಂದಿಷ್ಟು ಭತ್ಯೆ. ಆ ಊರಿನಲ್ಲೇ ಎಸ್ಸೆಸ್ಸೆಲ್ಸಿ ಆದವರಿದ್ದರೆ ಒಬ್ಬರನ್ನು ಸಹಾಯಕ ಶಿಕ್ಷಕಿಯಾಗಿ ಇಟ್ಟುಕೊಳ್ಳುತ್ತಾರಂತೆ. ಇದನ್ನು ಹೇಳುವಾಗ ಸಾಹೇಬರ ಮುಖವೂ ಸ್ವಲ್ಪ ಅರಳಿತ್ತು.

ಮೊದಲು ನನ್ನ ಪಾಲಿಗೆ ಬಂದದ್ದು ದಾಂಡೇಲಿಯ ಕಾರ್ಖಾನೆ ಕಾಲೊನಿಗಳು. ಅಲ್ಲಿ ಎಣಿಸುವುದು ಬಲು ಸುಲಭ. ಸಂಜೆಯ ಹೊತ್ತು ಕಟ್ಟೆಯ ಮೇಲೆ ಹುಡುಗರು ಸಾಲಾಗಿ ಕುಳಿತಿರುತ್ತಿದ್ದರು. ಇಸ್ತ್ರಿ ಮಾಡಿದ ಬೆಲ್ ಬಾಟಂ, ಎಣ್ಣೆ ಹಚ್ಚಿ ಬಾಚಿದ ಕ್ರಾಪು. “ಬರಕೊಳ್ರಿ ಮೇಡಂ, ನಿರುದ್ಯೋಗಿ ಅಂತ ದಪ್ಪ ಅಕ್ಷರದಾಗ ಬರಕೊಳ್ರಿ” ಎನ್ನುತ್ತಿದ್ದರು. ಎಲ್ಲೆಲ್ಲಿ ಅರ್ಜಿ ಹಾಕಿದ್ದಾರೆಂದು ಒಬ್ಬೊಬ್ಬರೂ ಬೆರಳು ಮಡಚುತ್ತ ಹೇಳುತ್ತಿದ್ದರು. ಒಳಗಿನಿಂದ ತಾಯಂದಿರು ನನಗೆ ಚಹಾ, ಚುರುಮುರಿ ಕಳಿಸುತ್ತಿದ್ದರು. ಅವರ ದುಃಖ ಸುಳ್ಳೆಂದು ನಾನು ಹೇಳುವುದಿಲ್ಲ. ಅಪ್ಪ ನಿವೃತ್ತನಾದ ಮರುದಿನ ಆ ಕ್ವಾರ್ಟರ್ಸ್ ಖಾಲಿ ಮಾಡಬೇಕಿತ್ತು, ಅದು ಆ ಹುಡುಗರಿಗೆ ನಿದ್ದೆಯಲ್ಲೂ ಗೊತ್ತಿತ್ತು. ಆದರೆ ಒಂದು ಮಾತು ಅಲ್ಲಿಯೇ ನನ್ನ ತಲೆಗೆ ಹೊಕ್ಕಿತು. ನಿರುದ್ಯೋಗಿಯಾಗಿ ಕೂಡಬೇಕಾದರೂ ಮನೆಯಲ್ಲಿ ಯಾರಾದರೂ ದುಡಿದು ಅನ್ನ ಹಾಕುವವರಿರಬೇಕು.

ಆಮೇಲೆ ನನ್ನನ್ನು ಹಳಿಯಾಳ ತಾಲೂಕಿನ ಕಾಡಂಚಿನ ಒಂದು ವಾಡೆಗೆ, ಎಂದರೆ ಸಣ್ಣ ಕೇರಿಗೆ, ಕಳಿಸಿದರು. ಸಿದ್ದಿ ಜನರ ಮನೆಗಳು. ಬಸ್ಸು ಇಳಿದು ಸಾಗವಾನಿ ಪ್ಲಾಂಟೇಶನ್ನಿನ ನಡುವೆ ಬಹಳ ಹೊತ್ತು ನಡೆಯಬೇಕು. ‘ಸರ್ವೆ’ ಎಂದು ಕೇಳಿದ ಕೂಡಲೇ ಮನೆಗಳಿಂದ ಮುದುಕರು ಹೊರಬಂದು ಕೈಕಟ್ಟಿ ನಿಂತರು. ಭೂಮಿ ಅಳೆಯುವವರು ಬಂದರೆಂದು ಅವರ ಭಯ. ಅಲ್ಲ, ಕೆಲಸದ ವಿಷಯ ಎಂದಾಗ ಎಲ್ಲರ ಮುಖಗಳೂ ಸಡಿಲಾದವು. ಎಲ್ಲರೂ ‘ಆಯಿ’ ಎಂದು ಕರೆಯುತ್ತಿದ್ದ ಒಬ್ಬ ಹಿರಿಯ ಹೆಂಗಸು ಕಂಬಳಿ ಹಾಸಿ ಕೂಡಿಸಿದಳು. ಅವಳ ಕನ್ನಡದಲ್ಲಿ ಅರ್ಧ ಕೊಂಕಣಿ, ಕಾಲು ಮರಾಠಿ. ನನಗೆ ತಿಳಿಯದಾದಾಗ ಬಿಡಿಸಿ ಹೇಳಲು ಒಬ್ಬ ಹುಡುಗಿಯನ್ನು ಕರೆದಳು.

ಆ ವಾಡೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು ಆಕೆಯೊಬ್ಬಳೇ. ಎತ್ತರದ ಹುಡುಗಿ, ಮಾತಿಗಿಂತ ಮೊದಲು ನಗು. ನನ್ನ ಕೈಯ ಫಾರ್ಮನ್ನು ತಲೆಕೆಳಗಾಗಿಯೇ ಓದಿಬಿಟ್ಟಳು. “ಅಕ್ಕೋರ, ಇದರಾಗ ಹೆಸರ ಬಂದ್ರ ಏನ ಸಿಗತೈತ್ರಿ?” ಎಂದು ಕೇಳಿದಳು. ನಾನು ಕೇಂದ್ರದ ಮಾತು ಹೇಳಿದೆ, ಸಹಾಯಕ ಶಿಕ್ಷಕಿಯ ಮಾತನ್ನೂ ಹೇಳಿದೆ. ಹೇಳಬಾರದಿತ್ತು ಎಂದು ಆಮೇಲೆ ಹಲವರು ಅಂದರು. ಈಗ ಕೇಳಿದರೂ ನಾನು ಹೇಳುತ್ತೇನೆ. ಯಾರ ಬದುಕಿನ ವಿಷಯವೋ ಅವರಿಗೇ ಮುಚ್ಚಿಡುವುದು ಯಾವ ನ್ಯಾಯ?

ಅವಳಿಗೆ ಆ ಕೆಲಸ ಯಾಕೆ ಬೇಕಿತ್ತು ಎಂಬುದನ್ನು ಅವಳ ತಾಯಿಯೇ ಹೇಳಿದಳು. ಗಂಡ ತೀರಿಕೊಂಡವಳು, ಕೆಮ್ಮಿನ ಹೆಂಗಸು. “ಗೋವಾದಾಗ ನನ್ನ ತಂಗಿ, ಈಕಿ ಮಾವಶಿ ಅದಾಳ್ರಿ. ದೊಡ್ಡ ಮನ್ಯಾಗ ಕೆಲಸಕ್ಕ. ಈಕಿನ್ನೂ ಕಳಸು ಅಂತಾಳ. ಹುಡುಗರನ್ನ ಆಡಿಸೂದು, ಪಾತ್ರಿ ತಿಕ್ಕೂದು. ನಾ ಇನ್ನ ಎಷ್ಟ ದಿನ ತಡದ ಇಟಕೊಳ್ಳಿ?”

ಹುಡುಗಿಯ ನಗು ಅಲ್ಲಿಗೆ ನಿಂತಿತು. “ನಾ ಗೋವಾಕ್ಕ ಹೋಗೂದಿಲ್ಲ. ಪಾತ್ರಿ ತಿಕ್ಕಾಕ ಅಷ್ಟ ದೂರ ನಡದ ಸಾಲಿಗೆ ಹೋಗಿದ್ನೇನ?” ಎಂದಳು.

ನಾನು ಪ್ರಶ್ನೆಗಳನ್ನು ಸುರುಮಾಡಿದೆ. ಆಗ ಆ ವಾಡೆಯ ಬುಟ್ಟಿಯ ಪದ್ಧತಿ ನನಗೆ ತಿಳಿಯಿತು. ಹತ್ತಿರದಲ್ಲಿ ಸಸಿಗಳ ನರ್ಸರಿ ಇತ್ತು. ಬೇಸಿಗೆಯಲ್ಲಿ ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬಲು, ನೀರು ಹಾಕಲು ದಿನಕ್ಕೆ ನಾಕಾರು ಆಳು ಬೇಕಾಗುತ್ತಿತ್ತು. ವಾಡೆಯಲ್ಲಿ ಕೈ ಗಟ್ಟಿಯಿದ್ದ ಹುಡುಗ ಹುಡುಗಿಯರು ಅದಕ್ಕಿಂತ ಎಷ್ಟೋ ಪಟ್ಟು. ಜಗಳ ಬೇಡವೆಂದು ಅವರು ಪಾಳಿ ಕಟ್ಟಿಕೊಂಡಿದ್ದರು. ಮಣ್ಣು ಹೊರುವ ಬುಟ್ಟಿಗಳು ವಾಡೆಯವೇ. ಇವತ್ತು ಹೋಗಿ ಬಂದವರು ಸಂಜೆ ಬುಟ್ಟಿಯನ್ನು ಮುಂದಿನ ಮನೆಯ ಜಗಲಿಯ ಮೇಲೆ ಇಟ್ಟು ಬರಬೇಕು. ಬೆಳಗ್ಗೆ ಯಾರ ಜಗಲಿಯ ಮೇಲೆ ಬುಟ್ಟಿ ಇದೆಯೋ ಆ ಮನೆಯಿಂದ ಒಬ್ಬರು ಹೋಗಬೇಕು. ಯಾರೂ ಕೂಗುವುದಿಲ್ಲ, ಯಾರೂ ಬರೆದಿಡುವುದಿಲ್ಲ. ಬುಟ್ಟಿ ಬಂದಾಗ ಬೇಡವೆಂದರೆ ಅದು ಮುಂದಿನ ಮನೆಗೆ ಹೋಗುತ್ತದೆ, ಇಡೀ ವಾಡೆ ಸುತ್ತಿಯೇ ತಿರುಗಿ ಬರಬೇಕು.

“ಹೋದ ವಾರ ನೀ ಕೆಲಸಕ್ಕ ಹೋಗಿದ್ಯೇನು?” ಎಂದು ಹುಡುಗಿಯನ್ನು ಕೇಳಿದೆ.

“ಹೌದ್ರಿ, ಮಂಗಳವಾರ ಬುಟ್ಟಿ ಬಂದಿತ್ತು.”

“ಉಳಿದ ದಿನ?”

“ಉಳದ ದಿನ ಎಲ್ಲಿ ಬರತೈತ್ರಿ ಅಕ್ಕೋರ? ಎಲ್ಲಾರ ಮನೀಗೂ ಹೊಟ್ಟಿ ಐತಿ.”

ಒಂದು ದಿನ ಹೋಗಿದ್ದಳು. ಹಾಗಾಗಿ ಉದ್ಯೋಗಸ್ಥೆ. ಪಕ್ಕದ ಮನೆಯ ಹುಡುಗ ಬುಧವಾರ, ಉದ್ಯೋಗಸ್ಥ. ಅದರಾಚೆಯ ಮನೆಯ ಅಣ್ಣತಮ್ಮಂದಿರಲ್ಲಿ ಒಬ್ಬ ಬುಟ್ಟಿಗೆ, ಇನ್ನೊಬ್ಬ ಯಾರದೋ ಗದ್ದೆಗೆ ಅರ್ಧ ದಿನ. ಇಬ್ಬರೂ ಉದ್ಯೋಗಸ್ಥರು. ಮನೆಯಿಂದ ಮನೆಗೆ ಹೋದಂತೆ ನನಗೆ ಒಳಗೊಳಗೇ ಕುದಿಯತೊಡಗಿತು. ನಿರುದ್ಯೋಗಿ ಎಂದು ಬರೆಯಲು ಆ ವಾಡೆಯಲ್ಲಿ ಒಂದು ತಲೆಯೂ ಸಿಗಲಿಲ್ಲ. ನಾಲ್ಕು ಜನ ಗಟ್ಟಿಗರು ಬುಟ್ಟಿಗಳನ್ನು ಕಸಿದುಕೊಂಡು ದಿನಾ ತಾವೇ ಹೋಗಿದ್ದರೆ ಉಳಿದವರೆಲ್ಲ ನಿರುದ್ಯೋಗಿಗಳಾಗಿ ನನ್ನ ಕಾಗದದಲ್ಲಿ ಬರುತ್ತಿದ್ದರು, ಕೇಂದ್ರ ಓಡಿ ಬರುತ್ತಿತ್ತು. ಹಂಚಿಕೊಂಡು ಉಂಡದ್ದೇ ಅವರಿಗೆ ಮುಳುವಾಯಿತು.

ಆಫೀಸಿನಲ್ಲಿ ಸಾಹೇಬರ ಮುಂದೆ ನಾನು ಕೂಗಾಡಿದೆ. ವಾರದಲ್ಲಿ ಒಂದು ದಿನ ದುಡಿದವಳು, ಆರು ದಿನ ಕೈಕಟ್ಟಿ ಕುಳಿತವಳು ಯಾವ ಲೆಕ್ಕದಲ್ಲಿ ಉದ್ಯೋಗಸ್ಥೆ ಎಂದು ಕೇಳಿದೆ. ಆ ಆರು ದಿನವನ್ನು ಬರೆಯಲು ಫಾರ್ಮಿನಲ್ಲಿ ಜಾಗವಿರಲಿಲ್ಲ. ಸಾಹೇಬರು ಕನ್ನಡಕ ತೆಗೆದು ಒರೆಸುತ್ತ, “ಫುಟಪಟ್ಟಿ ನಾವು ಮಾಡಿದ್ದಲ್ಲ. ಅಳತಿ ಅಷ್ಟ ನಮ್ಮ ಕೆಲಸ. ಇದ್ದದ್ದ ಇದ್ದಂಗ ಬರೀರಿ” ಎಂದರು. ಬರೆದೆ.

ಆದರೆ ಆ ಸೊನ್ನೆ ಮೇಲಿನವರ ಕಣ್ಣಿಗೂ ಚುಚ್ಚಿತು. ಅಷ್ಟು ಹುಡುಗರಿರುವ ಒಂದು ವಾಡೆಯಲ್ಲಿ ಒಬ್ಬ ನಿರುದ್ಯೋಗಿಯೂ ಇಲ್ಲವೆಂದರೇನು? ಹೆಣ್ಣುಮಗಳು ಕಾಡಿಗೆ ಹೋಗಲು ಹೆದರಿ ಮನೆಯಲ್ಲೇ ಕುಳಿತು ಫಾರ್ಮು ತುಂಬಿದ್ದಾಳೆಂದು ನನ್ನ ಮೇಲೆ ಸಂಶಯಪಟ್ಟರು. ನನಗೆ ಮೈಯೆಲ್ಲ ಉರಿಯಿತು. ಉರಿಯ ಹಿಂದೆಯೇ ಸಂತೋಷವೂ ಆಯಿತು, ಏಕೆಂದರೆ ಸಾಹೇಬರೇ ನನ್ನ ಜೊತೆ ಬಂದು ಮತ್ತೊಮ್ಮೆ ಕೇಳಬೇಕೆಂದು ಹುಕುಂ ಬಂತು. ನಿರುದ್ಯೋಗಿಗಳ ಹೆಸರು ಒಂದೂ ಬಾರದ್ದರಿಂದ ಯಾವ ವಾರ ಮತ್ತೆ ಬರುತ್ತೇವೆಂದು ಊರ ಲೆಕ್ಕ ಬರೆಯುವ ತಲಾಟಿಯ ಮುಖಾಂತರ ವಾಡೆಗೆ ತಿಳಿಸಲಾಯಿತು. ಸಾಹೇಬರು ಕಣ್ಣಾರೆ ನೋಡಿದರೆ ಏನಾದರೂ ದಾರಿ ಹುಡುಕುತ್ತಾರೆ ಎಂದು ನಾನು ಗಟ್ಟಿಯಾಗಿ ನಂಬಿದೆ.

ಹೋಗುವ ದಿನ ಬಿಸಿಲು ಧಗಧಗ ಎನ್ನುತ್ತಿತ್ತು. ಸಾಗವಾನಿಯ ಎಲೆಯೆಲ್ಲ ಉದುರಿ ನೆರಳೇ ಇರಲಿಲ್ಲ. ಏದುಸಿರು ಬಿಡುತ್ತ ನಡೆಯುತ್ತಿದ್ದ ಸಾಹೇಬರು ನಡುವೆ ನಿಂತು, ನಾನು ಕೇಳದೆಯೇ ತಮ್ಮ ಮನೆಯ ಮಾತು ತೆಗೆದರು. “ನನ್ನ ಮಗಾ ಬಿ.ಕಾಂ. ಮಾಡಿ ಮನ್ಯಾಗ ಕುಂತಾನ. ನಮ್ಮ ಓಣಿಗೆ ನಿಮ್ಮಂಥವರ ಒಬ್ಬರು ಬಂದಿದ್ರು. ನನ್ನ ಹೆಂಡತಿ ‘ಓದಾಕ ಹತ್ಯಾನ’ ಅಂತ ಬರಸಿದ್ಲು. ನಾ ಬಾಜೂಕ ಕುಂತಿದ್ದೆ. ಬಾಯಿ ಬಿಡಲಿಲ್ಲ.” ಮತ್ತೆ ನಡೆಯತೊಡಗಿದರು. ನಾಲ್ಕೂ ಕಡೆಯ ಹುಡುಗರನ್ನು ಎಣಿಸಿದ ಮನುಷ್ಯನಿಗೆ ಸ್ವಂತ ಮಗನನ್ನು ಎಣಿಸಲು ನಾಚಿಕೆ. ನನಗೆ ಅವರ ಮೇಲಿದ್ದ ಸಿಟ್ಟು ಅರ್ಧಕ್ಕರ್ಧ ಇಳಿಯಿತು.

ವಾಡೆಯಲ್ಲಿ ನಮಗಾಗಿ ಸಗಣಿ ಸಾರಿಸಿ ಇಟ್ಟಿದ್ದರು. ಜನವೆಲ್ಲ ಕೂಡಿತ್ತು. ಹುಡುಗಿ ತನ್ನ ಜಗಲಿಯ ಮೇಲೆ ಮಡಿಚಿದ ಗೆರೆ ಮಾಸದ ಪತ್ತಲ ಉಟ್ಟು ಕುಳಿತಿದ್ದಳು. ಅವಳ ಕೈಗಳನ್ನು ನೋಡಿದೆ. ಹಿಂದಿನ ಸಲ ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು ಇತ್ತು, ಈಗ ಇರಲಿಲ್ಲ. ತಾಯಿ ಇನ್ನಷ್ಟು ಸೊರಗಿದ್ದಳು. ನನಗೆ ಏನೋ ಅಳುಕಾಯಿತು.

ಸಾಹೇಬರು ಫಾರ್ಮು ಬಿಚ್ಚಿ ತಾವೇ ಕೇಳಿದರು. “ಹೋದ ವಾರ ಯಾವದಾದರೂ ಕೆಲಸ ಮಾಡಿದೇನವಾ?”

“ಇಲ್ರಿ ಸಾಹೇಬರ.”

“ಒಂದ ದಿನಾನೂ?”

“ಒಂದ ದಿನಾನೂ ಇಲ್ರಿ. ಅದರ ಹಿಂದಿನ ವಾರಾನೂ ಇಲ್ರಿ.”

ಸಾಹೇಬರು ನನ್ನ ಕಡೆ ನೋಡಿದರು. ಅವರ ಕಣ್ಣಲ್ಲಿ ಒಂದು ಬೆಳಕು ಕಂಡಿತು. ಪೆನ್ನು ‘ನಿರುದ್ಯೋಗಿ’ ಎಂಬ ಕಾಲಮಿನ ಮೇಲೆ ಹೋಗಿಯೂ ಬಿಟ್ಟಿತ್ತು. ಆಗ ಆಯಿ ಎದ್ದು ನಿಂತಳು. ಹೆಮ್ಮೆಯಿಂದ ಅವಳ ಎದೆ ಉಬ್ಬಿತ್ತು.

“ಹೆಂಗ ಮಾಡ್ತಾಳ್ರಿ ಸಾಹೇಬ? ನಾವ ಆಕಿಗೆ ಕೆಲಸಾ ಬಿಡಿಸೇವಿ! ಎಲ್ಲಾರೂ ಕೂಡಿ ಠರಾವು ಮಾಡಿದ್ವಿ. ಎರಡ ಸಲ ಬುಟ್ಟಿ ಆಕಿ ಮನೀಗೆ ಬಂತು, ಎರಡೂ ಸಲ ಮುಂದ ದಾಟಿಸಿದ್ಲು. ನಿಮ್ಮ ಕಾಗದದಾಗ ಒಂದಾದರೂ ಹೆಸರು ಬೀಳಲಿ ಅಂತ. ವಾಡೆಗೆ ಒಂದ ಹೊಲಿಗಿ ಸಾಲಿ ಆಗತೈತಿ ಅಂದ್ರ ಅಷ್ಟೂ ಮಾಡಬ್ಯಾಡೇನು?”

ಜನವೆಲ್ಲ ಹೌದು ಹೌದೆಂದು ತಲೆಯಾಡಿಸಿತು. ಒಬ್ಬರ ಮುಖದಲ್ಲೂ ಕಳ್ಳತನವಿಲ್ಲ. ಒಂದು ಹೆಸರು ಬಿದ್ದರೆ ಸಾಕು, ಕೇಂದ್ರ ಬರುತ್ತದೆಂದು ಅವರು ನಂಬಿದ್ದರು. ಸುಳ್ಳು ಹೇಳುವುದೇ ಅವರ ಉದ್ದೇಶವಾಗಿದ್ದರೆ ಕೂಲಿಗೆ ಹೋಗಿ ಬಂದೂ ‘ಹೋಗಿಲ್ಲ’ ಎನ್ನಬಹುದಿತ್ತು, ಯಾರು ನೋಡುತ್ತಿದ್ದರು? ಅದು ಅವರಿಗೆ ಹೊಳೆಯಲಿಲ್ಲ. ಕಾಗದದಲ್ಲಿ ಬರೆಯುವುದು ನಿಜವಾಗಿರಬೇಕೆಂದು ಹುಡುಗಿಯನ್ನು ನಿಜವಾಗಿಯೇ ಕೂಲಿಯಿಲ್ಲದೆ ಕೂಡಿಸಿದ್ದರು. ಬೇಸಿಗೆಯ ಸುಗ್ಗಿಯಲ್ಲಿ ಬಂದ ಬುಟ್ಟಿಯನ್ನು ಎರಡು ಸಲ ಬಿಟ್ಟಿದ್ದರು. ತಾಯಿ ಯಾಕೆ ಸೊರಗಿದ್ದಳೆಂದು ಆಗ ನನಗೆ ತಿಳಿಯಿತು. ಆ ಹೆಂಗಸಿನ ಮುಖ ನೋಡಲು ನನ್ನಿಂದಾಗಲಿಲ್ಲ.

ಸಾಹೇಬರ ಪೆನ್ನು ನಿಂತೇ ಇತ್ತು. ಮೆಲ್ಲಗೆ ಕೇಳಿದರು. “ಹಂಗಾರ ಕೆಲಸಾ ಇತ್ತು. ನೀನ ಬ್ಯಾಡಾ ಅಂದಿ. ಹೌದಿಲ್ಲೋ?”

“ಹೌದ್ರಿ” ಎಂದಳು ಹುಡುಗಿ.

“ಬ್ಯಾರೆ ಕಡೆ ಎಲ್ಲಾದರೂ ಹುಡುಕಿದೇನು?”

ಅವಳು ಸುತ್ತ ನೋಡಿದಳು. ಒಂದು ಕಡೆ ಕಾಡು, ಇನ್ನೊಂದು ಕಡೆಯೂ ಕಾಡು. “ಎಲ್ಲಿ ಹುಡುಕಲ್ರಿ ಸಾಹೇಬರ?”

ಬಂದ ಕೆಲಸವನ್ನು ಬಿಟ್ಟವರು ನಿರುದ್ಯೋಗಿಗಳಲ್ಲ ಎಂದು ಪುಸ್ತಕದಲ್ಲಿ ಸ್ಪಷ್ಟವಾಗಿತ್ತು. ನನಗೆ ಆ ಪುಟ ಬಾಯಿಪಾಠ. “ಸರ್, ಆ ಮಾತ ನಾವು ಕೇಳಿಲ್ಲಾ ಅಂತ ತಿಳೀರಿ” ಎಂದು ಅವರ ಕಿವಿಯಲ್ಲಿ ಅಂದೆ. ಅವರು ಆ ಜನದ ಕಡೆ ಒಮ್ಮೆ ನೋಡಿದರು. “ಇಷ್ಟ ಮಂದಿ ಮುಂದ ಖರೇ ಹೇಳ್ಯಾರ. ನಾ ಹೆಂಗ ಸುಳ್ಳ ಬರೀಲಿ?” ಎಂದರು. ‘ಮನೆಗೆಲಸ’ ಎಂಬ ಕಾಲಮಿನಲ್ಲಿ ಗುರುತು ಮಾಡಿದರು. ಮೊದಲ ಸಲ ದುಡಿದದ್ದಕ್ಕೆ ಹೊರಗಾದವಳು ಎರಡನೆಯ ಸಲ ದುಡಿಯದಿದ್ದುದಕ್ಕೆ ಹೊರಗಾದಳು. ಅತ್ತ ದರಿ, ಇತ್ತ ಪುಲಿ.

ಹುಡುಗಿಗೆ ಓದಲು ಬರುತ್ತಿತ್ತಲ್ಲ, ಗುರುತು ಬಿದ್ದ ಜಾಗವನ್ನು ಅವಳೇ ನೋಡಿದಳು. ಎದ್ದು ಒಳಗೆ ಹೋದಳು. ಆಯಿ ಮಾತ್ರ ನಮಗೆ ಬೆಲ್ಲ ನೀರು ಕೊಟ್ಟು, “ಸಾಲಿ ಯಾವಾಗ ಸುರು ಆಕ್ಕೈತ್ರಿ?” ಎಂದು ಕೇಳಿದಳು. ಮೇಲಿನವರು ತಿಳಿಸುತ್ತಾರೆ ಎಂದರು ಸಾಹೇಬರು. ಎದ್ದು ಬರುವಾಗ ನಾನು ಅಳುತ್ತಿದ್ದೆ. ಕಣ್ಣಿಗೆ ಧೂಳು ಬಿತ್ತೆಂಬ ನೆವವನ್ನೂ ಹೇಳಲಿಲ್ಲ.

ಮಳೆ ಹಿಡಿಯುವುದರೊಳಗೆ ಸರ್ವೆ ಮುಗಿಯಿತು. ಮುಂಡಗೋಡದ ಅತ್ತಿವೇರಿ ಕಡೆಯ ಹಳ್ಳಿಗಳಲ್ಲಿ, ಜೊಯಿಡಾದ ಒಳಗಿನ ಊರುಗಳಲ್ಲಿ ಎಣಿಸಿದವರೂ ಇಂಥವೇ ಸೊನ್ನೆಗಳನ್ನು ತಂದಿದ್ದರು. ಊರು ಬಡವಾದಷ್ಟೂ ನಿರುದ್ಯೋಗ ಕಡಿಮೆ. ಎಲ್ಲಕ್ಕಿಂತ ಹೆಚ್ಚು ನಿರುದ್ಯೋಗಿಗಳು ಸಿಕ್ಕದ್ದು ಆ ಕಟ್ಟೆಯ ಹುಡುಗರ ಕಾಲೊನಿಯಲ್ಲಿ. ಕೇಂದ್ರವೂ ಅಲ್ಲಿಗೇ ಹೋಯಿತು. ಬಿದಿರಿನ ಕೆಲಸ ಕಲಿಸಲು ಬಿದಿರನ್ನು ಕಾಡಿನಿಂದ ಲಾರಿಯಲ್ಲಿ ತರಿಸಬೇಕಾಯಿತು ಎಂದು ಕೇಳಿದೆ.

ನನ್ನ ಹಂಗಾಮಿಯೂ ಮುಗಿಯಿತು. ಚೀಲ, ಪೆನ್ನು, ಉಳಿದ ಫಾರ್ಮುಗಳನ್ನು ದಾಂಡೇಲಿಯಲ್ಲಿ ಒಪ್ಪಿಸಿ ಹಳಿಯಾಳದ ಬಸ್ಸಿಗೆ ಕಾಯುತ್ತ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಮಳೆ ಜಿಟಿಜಿಟಿ ಹನಿಯುತ್ತಿತ್ತು. ಗೋವಾಕ್ಕೆ ಹೋಗುವ ಬಸ್ಸಿನ ಕಿಟಕಿಯಿಂದ “ಅಕ್ಕೋರ!” ಎಂದು ಯಾರೋ ಕರೆದರು. ಆ ಹುಡುಗಿ. ತೊಡೆಯ ಮೇಲೆ ಒಂದು ಬಟ್ಟೆಯ ಗಂಟು.

ಹತ್ತಿರ ಹೋದೆ. “ಮಾವಶಿ ಮನೀಗೇನು?” ಎಂದೆ.

“ಹೌದ್ರಿ. ಒಂದ ಮನಿ ನೋಡೇನಿ ಅಂತ ಹೇಳಿ ಕಳಿಸ್ಯಾಳ. ಅವರು ಇಟಕೋತಾರೋ ಇಲ್ಲೋ, ಹೋದ ಮ್ಯಾಲ ಗೊತ್ತಾಗತೈತಿ.” ಕಂಡಕ್ಟರ್ ಸೀಟಿ ಊದಿದ. ಅವಳು ಕಿಟಕಿಯಿಂದ ಇನ್ನಷ್ಟು ಬಾಗಿದಳು. ಮೊದಲ ದಿನದ ಹಾಗೆಯೇ ನಗಲು ನೋಡಿದಳು, ನಗು ಬರಲಿಲ್ಲ. “ಅಕ್ಕೋರ, ಈಗ ಬರಕೊಳ್ರಿ. ಮಳಿಗೆ ನರ್ಸರಿ ಬಂದ್ ಆಗೇತಿ, ಈ ವಾರ ಕೆಲಸಾ ಮಾಡಿಲ್ಲ. ಯಾರೂ ಕೊಟ್ಟಿಲ್ಲ, ನಾನೂ ಬ್ಯಾಡಾ ಅಂದಿಲ್ಲ. ಹುಡುಕ್ಕೋತ ಹೊಂಟೇನಿ. ಈಗಾದರೂ ನಾ ಬರ್ತೇನಿಲ್ರಿ ಅದರಾಗ?”

ಬರುತ್ತಿದ್ದಳು. ಪುಸ್ತಕದಲ್ಲಿ ಹೇಳಿದ್ದ ಒಂದೊಂದು ಮಾತಿಗೂ ಅವಳು ಈಗ ಸರಿಯಾಗಿ ಒಪ್ಪುತ್ತಿದ್ದಳು. ಆದರೆ ಎಣಿಕೆ ಮುಗಿದಿತ್ತು, ಅವಳು ಇನ್ನು ಆ ವಾಡೆಯವಳೂ ಆಗಿರಲಿಲ್ಲ.